ಎಡಕ್ಕೆ ಜಾರೋ ಬಾತುಕೋಳಿ

…ಅಲ್ಲ ಕಣೋ, ಇದ್ರಲ್ಲಿ ನಗೋದೇನಿದೆ? ನಲವತ್ತೇಳು ವರ್ಷದೋನು ವಿಡಿಯೋ ಗೇಮ್ ಡಬ್ಬಿ ಹಿಡ್ಕೊಂಡು ಕೂತಿದಾನೆ ಅಂತಾನಾ? ನಗು, ನಗು. ನಿಮ್ಮಕ್ಕನೂ ಮೊದಲ ದಿನ ಹೀಗೇ ನಕ್ಕಳು. ಈಗ ನಗಲ್ಲ, ಮುಖ ಗಂಟು ಹಾಕ್ಕೊಂಡು ಓಡಾಡ್ತಾಳೆ. ಭಾನುವಾರ ಮಧ್ಯಾಹ್ನ ನಿನ್ನ ನಿದ್ದೆ ಕೆಡಿಸಿ ಕರೆಸಿದ್ದೂ ಅವಳೇ ಅಂತ ಗೊತ್ತು ನನಗೆ. ನಿಮ್ಮ ಭಾವನಿಗೆ ಏನೋ ಆಗಿದೆ, ಬಂದು ಬುದ್ಧಿ ಹೇಳು ಅಂದಿರ್ತಾಳೆ. ಹೌದೋ ಅಲ್ವೋ? … ಹೂಂ. ಅದೇ ಅಂದ್ಕೊಂಡೆ.

ಕೂತ್ಕೋ. ಅಲ್ಲಲ್ಲ, ಈ ಕಡೆ. ಅಲ್ಲಿ ಕೂತ್ರೆ ಕಿಟಕಿ ಬೆಳಕು ಪರದೆಗೆ ಹೊಡೆಯುತ್ತೆ. ಒಳ್ಳೇದನ್ನ ಮೊದಲು ಹೇಳಿಬಿಡ್ತೀನಿ, ಆಮೇಲೆ ಭಾವ ಬರೀ ಹುಳುಕು ಹುಡುಕ್ತಾನೆ ಅನ್ಬೇಡ. ಪರದೆ ಚೆನ್ನಾಗಿದೆ, ಕನ್ನಡಕ ಇಲ್ದೇನೂ ಕಾಣುತ್ತೆ. ಬೆಳಗ್ಗೆ ಚಾರ್ಜ್ ಮಾಡಿದ್ರೆ ಸಂಜೆವರೆಗೂ ಬರುತ್ತೆ. ಹಳೇ ಮಾಡೆಲ್ ಆಡ್ತಾ ಆಡ್ತಾ ಬೆನ್ನು ಬಿಸಿಯಾಗ್ತಿತ್ತಂತೆ, ಇದು ತಣ್ಣಗಿರುತ್ತೆ. ತೂಕ ನೋಡು, ಖಾಲಿ ಊಟದ ಡಬ್ಬಿಯಷ್ಟು. ಎಲ್ಲಾ ಸರಿ. ಆದ್ರೆ ಒಂದು ತಿಂಗಳ ಓವರ್‌ಟೈಮ್ ಪೂರ್ತಿ ಸುರಿದು ತಂದ ಸಾಮಾನು, ನಿಲ್ಲು ಅಂದ ಕಡೆ ನಿಲ್ಬೇಕೋ ಬೇಡ್ವೋ? ಅಷ್ಟೂ ಮಾಡದ ಮೇಲೆ ಆ ಬೆಲೆ ಯಾತಕ್ಕೆ ಹೇಳು.

ನೋಡಿಲ್ಲಿ. ಈ ಬಾತುಕೋಳಿ ಇದೆಯಲ್ಲ, ಇದು ಡಬ್ಬಿ ಜೊತೆ ಪುಕ್ಕಟೆ ಬರೋ ಆಟ. ಹಲಗೆ ಮೇಲೆ ನಿಲ್ಲಿಸಬೇಕು. ಆಚೆಯಿಂದ ದೋಣಿ ಬರೋವರೆಗೂ ಅಲುಗಾಡಬಾರದು. ಎಡಗಡೆ ಇರೋ ಈ ಪುಟ್ಟ ಸ್ಟಿಕ್ ಅಲುಗಿಸಿದ್ರೆ ಅದು ನಡೆಯುತ್ತೆ, ಬಿಟ್ರೆ ನಿಲ್ಲುತ್ತೆ. ಈಗ ನಾನು ಏನೂ ಮಾಡ್ತಿಲ್ಲ, ಸರಿನಾ? ಹೆಬ್ಬೆರಳು ಸುಮ್ನೆ ಮೇಲಿದೆ, ಅಷ್ಟೆ. ಒತ್ತಿಲ್ಲ, ತಳ್ಳಿಲ್ಲ. ನೋಡ್ತಾ ಇರು… ನೋಡ್ತಾ ಇರು… ಹಾಂ, ಹೊರಡ್ತು. ಎಡಕ್ಕೆ… ಎಡಕ್ಕೆ… ಬಿತ್ತು ನೀರಿಗೆ. ಕಣ್ಣಾರೆ ಕಂಡ್ಯೋ ಇಲ್ವೋ?

ಇದು ಮೂರನೇದು ಕಣೋ. ಅಂಗಡಿಯೋನು ಗೊಣಗ್ತಾ ಗೊಣಗ್ತಾ ಎರಡು ಸಲ ಬದಲಾಯಿಸಿ ಕೊಟ್ಟ. ಮೂರೂ ಎಡಕ್ಕೇ ಹೋಗ್ತವೆ. … ಯಾಕೆ ಹಾಗೆ ನೋಡ್ತೀಯ? ಇಡೀ ಲಾಟೇ ಕೆಟ್ಟಿರಬಹುದಪ್ಪ. ಹೋದ ವರ್ಷ ನಮ್ಮ ಸೈಟಿಗೆ ಬಂದ ಕ್ರೇನ್ ಕೊಕ್ಕೆಗಳು ಹನ್ನೆರಡಕ್ಕೆ ಹನ್ನೆರಡೂ ಬಿರುಕು ಬಿಟ್ಟಿರಲಿಲ್ವಾ? ಕೆಳಗೆ ನಿಂತು ಒಂದೊಂದನ್ನೂ ತಿರುಗಿಸಿ ನೋಡಿ ಕಂಡುಹಿಡಿದೋನು ನೀನೇ. ಅವತ್ತು ನಿನ್ನ ಬೆನ್ನು ತಟ್ಟಿದ್ದೆ ನಾನು.

ಅಂಗಡಿಯೋನು ಪರೀಕ್ಷೆ ಮಾಡೋದು ಹೇಗೆ ಗೊತ್ತಾ? ಡಬ್ಬಿನ ಗಾಜಿನ ಕೌಂಟರ್ ಮೇಲೆ ಇಟ್ಟು, ಕೈ ಕಟ್ಕೊಂಡು ನಿಂತು, ನೋಡಿ ಸಾರ್, ಅಲುಗಾಡ್ತಾ ಇಲ್ಲ ಅಂತಾನೆ. ಕೈ ಬಿಟ್ಟು ಯಾವನಯ್ಯಾ ಆಡ್ತಾನೆ? ಕೈ ಬಿಟ್ರೆ ನಮ್ಮ ಕ್ರೇನೂ ನಿಲ್ಲುತ್ತೆ. ಲಿವರ್ ಮೇಲಿಂದ ಕೈ ತೆಗೆದ ತಕ್ಷಣ ಮಿಷನ್ ಸ್ತಬ್ಧ ಆಗಲಿ ಅಂತಾನೇ ಹಾಗೆ ಕಟ್ಟಿರ್ತಾರೆ. ಅದಕ್ಕೇ ಕ್ಯಾಬಿನಲ್ಲಿ ಕೂತೋನು ಕೈ ತೆಗೆಯೋದೇ ಇಲ್ಲ. ಹಿಡಿದಿರಬೇಕು, ಆದ್ರೆ ತಳ್ಳಬಾರದು. ಇಪ್ಪತ್ತೆರಡು ವರ್ಷದಿಂದ ನಾನು ಮಾಡ್ತಿರೋದೇ ಅದು. ಇದನ್ನ ಆ ಅಂಗಡಿಯೋನಿಗೆ ಹೇಗಪ್ಪ ತಿಳಿಸೋದು?

ಬದಲಾಯಿಸಿ ಕೊಡೋಕೆ ಇವತ್ತೇ ಕೊನೇ ದಿನ. ಅದಕ್ಕೇ, ನೀನು ಬಂದಿದ್ದೂ ಒಳ್ಳೇದೇ ಆಯ್ತು. ಜೊತೆಗೆ ಬಾ. ಇಂಥವನ್ನೆಲ್ಲ ಆಡಿ ಬೆಳೆದೋನು ನೀನು, ನಿನ್ನ ಮಾತು ಅವನು ಕೇಳ್ತಾನೆ. ಕೆಟ್ಟಿದೆ ಅಂತ ಒಂದು ಮಾತು ಹೇಳು ಸಾಕು. … ಏನು? ತಗೊಂಡಿದ್ದು ಯಾಕೆ ಅಂತಾನಾ? ಮಗಳಿಗೆ. … ಹೌದು, ಅವಳು ಮುಟ್ಟೇ ಇಲ್ಲ. ಪುಸ್ತಕ ಬಿಟ್ಟು ತಲೆ ಎತ್ತೋಳಲ್ಲ ಅವಳು, ನಿನಗೂ ಗೊತ್ತು. ಸರಿ ಬಿಡು, ಮಗಳಿಗಲ್ಲ. ಬೇಜಾರು ಕಳೆಯೋಕೆ. ಗಾಳಿ ಜೋರಾದಾಗ ಕ್ರೇನ್ ನಿಲ್ಲಿಸಿ ಮೇಲೆ ಗಂಟೆಗಟ್ಟಲೆ ಸುಮ್ನೆ ಕೂರ್ತೀನಲ್ಲ… ಕ್ಯಾಬಿನ್ನಿಗೆ ಒಯ್ಯೋ ಹಾಗಿಲ್ಲ ಅಂತ ನನಗೆ ನೀನು ಹೇಳಿಕೊಡಬೇಕಾ? ಒಯ್ತೀನಿ ಅಂದ್ನಾ ನಾನು?

ಹೋದ ಭಾನುವಾರ ತಗೊಂಡೆ. ಹೂಂ. ಆ ಗುರುವಾರ ಆಗಿ ಮೂರು ದಿನಕ್ಕೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಸುತ್ತಿ ಬಳಸಿ ಅಲ್ಲಿಗೇ ಬರ್ತೀಯ ಅಂತ ಗೊತ್ತಿತ್ತು ನನಗೆ.

ಗುರುವಾರದ್ದು ಗಾಳಿ. ಹೇಳಿದೀನಿ, ಮತ್ತೆ ಹೇಳ್ತೀನಿ, ಗಾಳಿ. ಪೈಪಿನ ಕಂತೆ ತೂಗ್ತಾ ಇತ್ತು. ನೀನು ಕೆಳಗೆ ಮೆಟ್ಟಿಲು ಗೋಡೆ ಹತ್ರ ನಿಂತು ಕೈಸನ್ನೆ ಮಾಡ್ತಿದ್ದೆ. ನಾನು ನಿನ್ನ ಕೈನೇ ನೋಡ್ತಿದ್ದೆ, ಬೇರೆ ಏನನ್ನೂ ನೋಡಲ್ಲ ನಾನು. ನೀನು ನಿಲ್ಸು ಅಂದೆ, ನಾನು ನಿಲ್ಲಿಸ್ದೆ. ಆಮೇಲೆ ಬೀಸ್ತು ನೋಡು, ಕಂತೆ ಎಡಕ್ಕೆ ಹೋ… ಪಕ್ಕಕ್ಕೆ ಹೋಯ್ತು. ಪಕ್ಕಕ್ಕೆ ಅಂದೆ ಕಣೋ. ಯಾವ ಪಕ್ಕ ಅಂತೆಲ್ಲ ಈಗ ನೆನಪಿಲ್ಲ.

ಕೆಳಗೆ ಒಂದು ಕಾಗದವೂ ಅಲುಗಾಡ್ಲಿಲ್ಲ ಅಂತೀಯ. ಅಲುಗಾಡಲ್ಲಪ್ಪ. ಮೇಲಿನ ಗಾಳಿನೇ ಬೇರೆ. ಕೆಳಗೆ ನಿಂತೋನಿಗೆ ಏನು ಗೊತ್ತಾಗುತ್ತೆ… ತಪ್ಪಾಯ್ತು. ಕೂತ್ಕೋ, ಎದ್ದೇಳ್ಬೇಡ. ತಪ್ಪಾಯ್ತು ಅಂದ್ನಲ್ಲ. ಕೆಳಗೆ ನಿಂತೋನಿಗೇ ಗೊತ್ತಾಗೋದು, ಒಪ್ಕೊಂಡೆ. ಗೋಡೆಗೆ ಬಡಿದಾಗ ನಿನಗೂ ಆ ಕಂತೆಗೂ ನಡುವೆ ಒಂದು ಮೊಳ ಇತ್ತು. ಗೋಡೆ ಧೂಳೆಲ್ಲ ಎದ್ದು, ನಿನ್ನ ಹೆಲ್ಮೆಟ್ ಉರುಳ್ಕೊಂಡು ಹೋಗಿದ್ದು ಮೇಲಿಂದ ಕಾಣ್ತು, ನೀನು ಕಾಣ್ಲಿಲ್ಲ. ನಿಮ್ಮಕ್ಕನಿಗೆ ಏನಂತ ಹೇಳ್ಲಿ, ಆ ಒಂದೇ ಯೋಚನೆ ನನಗೆ. ಆಮೇಲೆ ನೀನು ಎದ್ದು ನಿಂತು ಕೈ ಎತ್ತಿದೆ. ಸಂಜೆ ಸಿಕ್ಕಾಗ ಬೈಲೂ ಇಲ್ಲ. ಒಂದು ಮಾತಾದ್ರೂ ಬೈದಿದ್ರೆ ಚೆನ್ನಾಗಿತ್ತು.

ಈ ವಾರ ಪೂರ್ತಿ ಕ್ರೇನ್ ನಿಲ್ಲಿಸಿ ಬಿಚ್ಚಿ ನೋಡಿದ್ರಲ್ಲ? ಬ್ರೇಕು, ವೈರು, ಲಿವರು, ಒಂದೂ ಬಿಟ್ಟಿಲ್ಲ. ಏನೂ ಸಿಗ್ಲಿಲ್ಲ. ಏನೂ ಸಿಗದೇ ಇದ್ಮೇಲೆ ಗಾಳಿನೇ ತಾನೇ? ಸೂಪರ್‌ವೈಸರ್ ಕೂಡ ಗಾಳಿ ಅಂತಾನೇ ಬರ್ಕೊಂಡ್ರು. ನಾಳೆ ಬೆಳಗ್ಗೆ ಏಳೂವರೆಗೆ ಮತ್ತೆ ಶುರು. ಒಂಬತ್ತನೇ ಮಹಡಿಗೆ ನೀರಿನ ಟ್ಯಾಂಕು. ಕೆಳಗೆ ನೀನು, ನಿನ್ನ ಜೊತೆ ಇನ್ನಿಬ್ಬರು. ಎಲ್ಲಾ ಗೊತ್ತು ನನಗೆ. ನೀನು ಹೇಳ್ಬೇಕಾಗಿಲ್ಲ.

ಏನು, ಡಬ್ಬಿ ಕೊಡ್ಬೇಕಾ? ಯಾಕೆ? … ತಗೋಪ್ಪ, ತಗೋ. ನೀನೇ ಆಡಿ ನೋಡು, ಆಗ ಗೊತ್ತಾಗುತ್ತೆ ನಾನು ಹೇಳಿದ್ದು ಸುಳ್ಳೋ ನಿಜವೋ. ಹೆಬ್ಬೆರಳು ಮೇಲಿಡು. ಹಾಂ, ಹಾಗೆ. ಈಗ ಹೊರಡುತ್ತೆ ನೋಡು. ಈಗ… ಇರು, ಸ್ವಲ್ಪ ಹೊತ್ತು ಬೇಕು ಅದಕ್ಕೆ. ದೋಣಿ ಬಂತಾ? ಬಂತು. ಹತ್ತಿಸ್ಕೊಂಡು ಹೋಯ್ತಾ? … ಒಂದೊಂದ್ಸಲ ಸರಿ ಇರುತ್ತೆ ಕಣೋ. ಇನ್ನೊಂದ್ಸಲ ಆಡು. ಇನ್ನೊಂದ್ಸಲ. … ನೀನು ಬೇಕು ಬೇಕು ಅಂತ ಬಲಕ್ಕೆ ಹಿಡಿದಿಲ್ಲ ತಾನೇ? ಇಲ್ವಾ?

ಮೇಜಿನ ಮೇಲೆ ಯಾಕೆ ಇಟ್ಟೆ? ಆ ಅಂಗಡಿಯೋನ ಹಾಗೇ ಮಾಡ್ತೀಯಲ್ಲ ನೀನೂ. … ಸರಿ, ನೋಡೋಣ. ಕಾಯೋಣ. ಯಾರು ಬೇಡ ಅಂದ್ರು.

ನಿಂತಿದೆ.

ಇನ್ನೂ ಸ್ವಲ್ಪ ಹೊತ್ತು ಇರು.

ನಿಂತೇ ಇದೆ. ರೆಪ್ಪೆ ಬಡೀತಿದೆ ಅಷ್ಟೆ, ಹಾಳಾದ್ದು.

ನೀನು ಪರದೆ ನೋಡೋದು ಬಿಟ್ಟು ನನ್ನ ಕೈ ಯಾಕೆ ನೋಡ್ತೀಯ? ಡಬ್ಬಿ ನೋಡು. … ಬೇಡ. ಮತ್ತೆ ಇಟ್ಟು ತೋರಿಸೋದೆಲ್ಲ ಬೇಡ, ಆಗಲೇ ತೋರಿಸಿದ್ನಲ್ಲ. … ನೀನೊಬ್ಬ. ಹಠ ಅಂದ್ರೆ ನಿಮ್ಮಕ್ಕಂದೇ ಹಠ. ಸರಿ. ಇಟ್ಟೆ. ಬರೀ ಹೆಬ್ಬೆರಳು. ಡಬ್ಬಿ ಮೇಜಿನ ಮೇಲೇ ಇದೆ, ಎತ್ತಿಲ್ಲ. ಒತ್ತಿಲ್ಲ ನಾನು. ದೇವರಾಣೆಗೂ ಒತ್ತಿಲ್ಲ ಕಣೋ. ಹಿಡಿದಿದೀನಿ, ತಳ್ತಿಲ್ಲ. ನೀನೇ ನೋಡು, ತಳ್ತಿದೀನಾ ನಾನು? … ತಳ್ತಿದೀನಾ?

ಹೋಗ್ತಿದೆ.

ಬಿತ್ತು.

ಏನಾದ್ರೂ ಮಾತಾಡು. ನಿದ್ದೆಗೆಟ್ರೆ ಹೀಗಾಗುತ್ತೆ ಅನ್ನು. ಕೈ ಜೋಮು ಹಿಡಿದಿದೆ ಅನ್ನು. ವಯಸ್ಸಾಯ್ತು ಭಾವ ಅಂತ ಗೇಲಿ ಮಾಡು. ನಾನೇ ನನಗೆ ಇದನ್ನೆಲ್ಲ ಹೇಳ್ಕೊಂಡಾಯ್ತು, ನಿನ್ನ ಬಾಯಲ್ಲಿ ಕೇಳಿದ್ರೆ ಒಂಚೂರು ಧೈರ್ಯ ಬರ್ತಿತ್ತು.

ಆರು ತಿಂಗಳಾಯ್ತು. ಮೊದಲು ಕಿರುಬೆರಳಲ್ಲಿ ಇರುವೆ ಹರಿದಾಡಿದ ಹಾಗೆ. ಆಮೇಲೆ ಮುಂಗೈ ಪೂರ್ತಿ. ಈಗ ಬಿಸಿ ಲೋಟ ಹಿಡಿದ್ರೆ ಸುಟ್ಟಿದ್ದೂ ಗೊತ್ತಾಗಲ್ಲ ಎಡಗೈಗೆ. ಎಲ್ಲಿದೆ ಅಂತಾನೇ ಗೊತ್ತಾಗಲ್ಲ ಕಣೋ ಆ ಕೈ ಬೆರಳು. ಇಲ್ಲಿದೆ ಅಂದ್ಕೊಂಡಿರ್ತೀನಿ, ಅದು ಇನ್ನೆಲ್ಲೋ ಇರುತ್ತೆ. ಎಡಗೈ ಲಿವರ್ರೇ ಕ್ರೇನಿನ ಕೈಯನ್ನ ಆಚೀಚೆ ತಿರುಗಿಸೋದು. ನಿನಗೆ ಹೇಳೋದೇನಿದೆ, ಹತ್ತು ವರ್ಷದಿಂದ ನೋಡಿದೀಯ.

ಆಸ್ಪತ್ರೆಗೆ ಹೋಗ್ಲಿಲ್ಲ. ಹೋದ್ರೆ ಕೈ ಸರಿಯಿಲ್ಲ ಅಂತ ಬರೆದು ಕೊಡ್ತಾರೆ, ಬರೆದು ಕೊಟ್ರೆ ಕ್ರೇನಿಂದ ಕೆಳಗಿಳಿಸ್ತಾರೆ. ಅದಕ್ಕೇ ಈ ಡಬ್ಬಿ. ಬೆರಳಿಗೆ ಅಭ್ಯಾಸ ಮಾಡಿಸಿದ್ರೆ ದಾರಿಗೆ ಬರುತ್ತೆ ಅಂದ್ಕೊಂಡೆ. ಬಾತುಕೋಳಿ ಬಿದ್ದಾಗ ಏನಂದ್ಕೊಂಡೆ ಗೊತ್ತಾ? ಡಬ್ಬಿ ಕೆಟ್ಟಿದೆ ಅಂದ್ಕೊಂಡೆ. ಎಷ್ಟು ಸಂತೋಷ ಆಯ್ತು ಅಂತೀಯ. ಎರಡನೇದೂ ಬಿತ್ತು. ಕೆಟ್ಟ ಮಾಲು ಕೊಟ್ಟ ಅಂತ ಅಂಗಡಿಯೋನ ಜೊತೆ ಜಗಳ ಆಡ್ದೆ. ಆ ಜಗಳ ಆಡೋವಾಗ ನನಗೆ ಹಾಯಾಗಿತ್ತು ಕಣೋ. ಅವನು ಹೂಂ ಸಾರ್, ಕೆಟ್ಟಿದೆ ಅಂತ ಒಂದೇ ಒಂದ್ಸಲ ಅಂದಿದ್ರೆ, ನಾಳೆ ನಾನು ಹಾಡು ಹೇಳ್ಕೊಂಡು ಕ್ರೇನಿನ ಏಣಿ ಹತ್ತುತ್ತಿದ್ದೆ.

ನೀನು ಎದ್ದು ಹೋಗಿಬಿಡ್ತೀಯ ಅಂದ್ಕೊಂಡಿದ್ದೆ. ಹೋಗಿಲ್ಲ. ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಕೂರ್ಬೇಡ, ನನಗೆ ಆಗಲ್ಲ. ಮೇಲೆ ಕೂತಾಗ ನಾನೊಬ್ಬ ಮನುಷ್ಯ ಕಣೋ. ಕೆಳಗೆ ಇಳಿದ್ರೆ ಏನು ನಾನು? ಗೇಟಲ್ಲಿ ಚೀಟಿ ಹರಿಯೋನಾ? … ಸ್ವಲ್ಪ ದಿನ ಬಲಗೈಲೇ ನಿಭಾಯಿಸ್ತೀನಿ. ಟ್ಯಾಂಕ್ ಒಂದು ಏರಿಸಿಬಿಡ್ತೀನಿ, ಆಮೇಲೆ ರಜಾ ಹಾಕಿ ತೋರಿಸ್ಕೋತೀನಿ. ನಿಧಾನಕ್ಕೆ ಎತ್ತಿದ್ರೆ ಏನೂ ಆಗಲ್ಲ. ನೀನು ನಾಲ್ಕು ಹೆಜ್ಜೆ ದೂರ ನಿಂತ್ರೆ ಆಯ್ತು. ನಾವಿಬ್ಬರೇ ತಿಳ್ಕೊಂಡಿದ್ರೆ ಸಾಕು. ಏನಂತೀಯ?

ಏನಂತೀಯ?

ಸರಿ, ಬೇರೆ ಏನೂ ಕೇಳಲ್ಲ, ಒಂದೇ ಒಂದು ಹೇಳು. ನಾಳೆ ನಾನು ಎತ್ತಿದ್ರೆ, ನೀನು ಕೆಳಗೆ ನಿಲ್ತೀಯಾ?

ಹೂಂ ಅನ್ನು, ಇಲ್ಲ ಅನ್ನು. ಇಲ್ಲ ಅಂದ್ರೂ ಬೇಜಾರಿಲ್ಲ.

ನಿಲ್ತೀಯಾ?

…

ಹತ್ತು ವರ್ಷದಲ್ಲಿ ಈ ಪ್ರಶ್ನೆ ಒಂದ್ಸಲನೂ ಕೇಳಿರಲಿಲ್ಲ ನಾನು. ಕೇಳೋ ಹಾಗೇ ಇರಲಿಲ್ಲ. ನೀನು ನಿಲ್ತಿದ್ದೆ, ನಾನು ಎತ್ತುತ್ತಿದ್ದೆ.

ಫೋನ್ ತೆಗಿ. ಸೂಪರ್‌ವೈಸರ್‌ಗೆ ಫೋನ್ ಮಾಡು… ಭಾನುವಾರ ಆದ್ರೇನು, ಎತ್ತುತ್ತಾರೆ. ನನ್ನ ಕೈಗೆ ಕೊಟ್ಟು ನೀನು ಸುಮ್ನಿರು, ಮಾತಾಡೋದು ನಾನೇ. ಕೈ ವಿಷಯ ಆಮೇಲೆ. ಗುರುವಾರ ಗಾಳಿ ಇರಲಿಲ್ಲ ಅಂತ, ಮೊದಲು ಅದನ್ನ ಹೇಳ್ತೀನಿ.