ಬೆಕ್ಕು ಮುಟ್ಟಿದ ಬೆಳ್ಳಿ ವಿಮಾನ

ಶ್... ಮೆಲ್ಲಗೆ! ಮೊದಲು ಆ ಹೊಲಿಗೆ ಮೆಷಿನ್ ನಿಲ್ಲಿಸು. ಬಾಗಿಲು ಹಾಕು. ಹಾಕಿದೆಯಾ? ಚಿಲಕ? ಹಾಂ. ಈಗ ಕೇಳು, ಈ ಮಾತು ಈ ನಾಲ್ಕು ಗೋಡೆ ದಾಟಬಾರದು. ನಿನ್ನ ಮೇಲಾಣೆ... ಬೇಡ, ನಿನ್ನ ಬೆಕ್ಕಿನ ಮೇಲಾಣೆ ಇಡು. ಯಾಕಂದ್ರೆ ಮಾತು ಆ ಬೆಕ್ಕಿಂದೇ.

ಏನು? ನನ್ನ ಬೆರಳಾ? ಅಯ್ಯೋ, ಅದೇನಿಲ್ಲ... ಹಾಲಿನ ಪಾತ್ರೆ ತಗುಲಿ ಸುಟ್ಟುಕೊಂಡೆ, ಬಟ್ಟೆ ಸುತ್ತಿದೀನಿ. ಅದು ಬಿಡು.

ನಮ್ಮ ಪಕ್ಕದ ಮನೆ ಕನ್ನಡಕದಂಗಡಿಯವನು ಇದಾನಲ್ಲ. ಐವತ್ತು ದಾಟಿತು, ಹೆಂಡತಿ ಇಲ್ಲ, ಮಕ್ಕಳಿಲ್ಲ. ಮೂರು ತಿಂಗಳಿಂದ ಏನು ಮಾಡ್ತಿದ್ದ ಗೊತ್ತಾ? ಸಂಜೆ ಮನೆಗೆ ಬಂದವನೇ ಬಚ್ಚಲುಮನೆ ಸೇರಿ ಚಿಲಕ ಜಡಿದುಕೊಳ್ಳೋದು! ಒಂದು ಗಂಟೆ, ಎರಡು ಗಂಟೆ! ಒಬ್ಬ ಗಂಡಸಿಗೆ ಅಷ್ಟು ಹೊತ್ತು ಬಚ್ಚಲಲ್ಲಿ ಏನು ಕೆಲಸ, ನೀನೇ ಹೇಳು. ಸಾಲದ್ದಕ್ಕೆ ಹೆಂಗಸರ ಕಾಲುಚೀಲ! ತೊಡೆವರೆಗೂ ಬರುತ್ತಲ್ಲ, ಈರುಳ್ಳಿ ಸಿಪ್ಪೆ ಹಾಗೆ ತೆಳ್ಳಗೆ, ಅಂಥದ್ದು! ಹಗ್ಗದ ಮೇಲೆ ಒಣಹಾಕಿದ್ದ, ಕಣ್ಣಾರೆ ಕಂಡೆ. ನನಗೆ ಕಣ್ಣು ಮಂಜಂತೆ, ಕನ್ನಡಕ ಹಾಕ್ಕೊಳ್ಳಿ ದೊಡ್ಡಮ್ಮ ಅಂತಾನೆ. ನನಗಾ! ಇರುವೆ ಮೀಸೆ ತಿರುವಿದ್ರೂ ಕಾಣುತ್ತೆ ನನಗೆ.

ಗೋಡೆಗೆ ಕಿವಿ ಕೊಟ್ಟೆ. ಕೊಡಬಾರದಾ? ಆ ಗೋಡೆಯಲ್ಲಿ ಅರ್ಧ ನಂದು! ಒಳಗಿಂದ ಹೇಳ್ತಿದಾನೆ, "ಚಿನ್ನಾ, ಅಲ್ಲಾಡಬೇಡ. ಇವತ್ತು ಕಪ್ಪು. ನಾಡಿದ್ದು ನಿನಗೆ ಮೈತುಂಬ ಬೆಳ್ಳಿ." ಮೈತುಂಬ ಬೆಳ್ಳಿ! ತಡೀಲಿಲ್ಲ ನನಗೆ. ಸ್ಟೂಲು ಹತ್ತಿ ಗಾಳಿಕಿಂಡಿಯಲ್ಲಿ ಇಣುಕಿದೆ. ಥೂ ಥೂ... ಬರೀ ಚಡ್ಡಿ ಕಣೇ! ತಲೆಗೊಂದು ಪ್ಲಾಸ್ಟಿಕ್ ಟೋಪಿ! ಸುತ್ತ ಬಿಸಿನೀರಿನ ಹಬೆ. ಆ ಹಬೆಯಲ್ಲಿ ಅವಳು ಮಾತ್ರ ಕಾಣಲಿಲ್ಲ. ಕಾಣದಿದ್ರೇನು, ಇಡೀ ವಠಾರಕ್ಕೆ ಸುದ್ದಿ ಮುಟ್ಟಿಸಿದೆ.

ಯಾಕೆ ನಗ್ತೀಯಾ? ನೀನೂ ನಂಬಿದ್ದೆ, ಮರೀಬೇಡ!

ನಿನ್ನೆ ಅಡುಗೆಮನೆ ನಲ್ಲಿ ರಿಪೇರಿಯವನು ಬರ್ತಾನೆ ಅಂತ ಕೀಲಿಕೈ ನನ್ನ ಕೈಗೆ ಕೊಟ್ಟು ಅಂಗಡಿಗೆ ಹೋದ. "ಬಚ್ಚಲ ಕಡೆ ಮಾತ್ರ ಯಾರೂ ಹೋಗಬಾರದು ದೊಡ್ಡಮ್ಮಾ" ಅಂದ. ಹಾಗಂದ್ಮೇಲೆ ಹೋಗದೆ ಇರೋಕಾಗುತ್ತಾ? ಹೋದೆ. ಬಾಗಿಲು ತೆಗೆದೆ. ಹೆಂಗಸೂ ಇಲ್ಲ, ಗಿಂಗಸೂ ಇಲ್ಲ! ತಂತಿಗೆ ನೇತುಹಾಕಿದ್ದ... ಒಂದು ವಿಮಾನ. ಮೊಳದುದ್ದದ ಆಟದ ವಿಮಾನ! ಆದರೆ ಏನು ಬಣ್ಣ ಅಂತೀಯಾ! ಬೆಳ್ಳಿ ಅಂದ್ರೆ ಬೆಳ್ಳಿ. ಒಂದು ಗೆರೆ ಇಲ್ಲ, ಒಂದು ಹನಿ ಇಳಿದಿಲ್ಲ. ಪಾದರಸ ಹರೀತಾ ಹರೀತಾ ಹಾಗೇ ನಿಂತುಬಿಟ್ಟಂತೆ!

ಇವತ್ತು ಬೆಳಿಗ್ಗೆ ಎಲ್ಲ ಅವನ ಬಾಯಿಂದಲೇ ಕೇಳಿದೆ. ಮೊದಲು ಕಪ್ಪು ಬಳೀಬೇಕಂತೆ, ಮುಖ ಕಾಣೋ ಹಾಗೆ. ಕೆಳಗಿನ ಕಪ್ಪು ನುಣುಪಾಗದಿದ್ರೆ ಮೇಲಿನ ಬೆಳ್ಳಿ ಬೆಳಗೋದಿಲ್ಲ. ಆಮೇಲೆ ಬೆಳ್ಳಿ, ಉಸಿರು ಬಿಟ್ಟಷ್ಟು ತೆಳ್ಳಗೆ, ಒಣಗಿದ ಮೇಲೆ ಇನ್ನೊಂದು, ಮತ್ತೊಂದು. ಹಬೆ ಯಾಕೆ? ಗಾಳಿಯಲ್ಲಿನ ಧೂಳು ನೆಲಕ್ಕೆ ಕೂರಲಿ ಅಂತ. ಚಡ್ಡಿ? ಬಟ್ಟೆಯ ಜುಂಗು ಹಾರಿ ಅಂಟದಿರಲಿ ಅಂತ. ಕಾಲುಚೀಲ ಬಣ್ಣ ಸೋಸೋಕೆ! ಆ ಚಿನ್ನ ಯಾರು ಅಂದ್ರೆ, ವಿಮಾನ! ನಾಳೆ ಇಂಥ ವಿಮಾನಗಳ ಸ್ಪರ್ಧೆಯಂತೆ. ಆರು ವರ್ಷದಿಂದ ಒಬ್ಬ ಹಲ್ಲಿನ ಡಾಕ್ಟರೇ ಗೆಲ್ತಿದಾನಂತೆ, ಈ ಸಲ ಇವನ ಸರದಿ ಬಂದಿತ್ತು. ಬಂದಿತ್ತು... ನಿನ್ನ ಬೆಕ್ಕು ಬರೋವರೆಗೆ.

ಹೌದು, ನಿನ್ನ ಬೆಕ್ಕೇ! ನಾನಾ? ನಾನು ಬಾಗಿಲಲ್ಲೇ ನಿಂತಿದ್ದೆ, ಮೂಗಿನ ಮೇಲೆ ಬೆರಳಿಟ್ಟುಕೊಂಡು! ಇದು ಕಿಂಡಿಯಿಂದ ಧುಮುಕಿತು. ರೆಕ್ಕೆ ಒಣಗಿದೆಯೋ ಇಲ್ಲವೋ ಅಂತ ಒಮ್ಮೆ ಒತ್ತಿತು. ಗುರುತು ಬಿತ್ತು. ಅಳಿಸೋಣ ಅಂತ ಉಜ್ಜಿತು. ಇನ್ನೂ ಕೆಟ್ಟಿತು.

ಬೆಕ್ಕು ಯಾಕೆ ಉಜ್ಜುತ್ತೆ ಅಂದ್ರೆ? ಅದಕ್ಕೂ ಗಾಬರಿ ಆಗಲ್ವಾ, ಪಾಪ! ಬೇಕಿದ್ರೆ ಅದರ ಕೂದಲೇ ಅಂಟಿದೆ ನೋಡು ಹೋಗು, ಕೆಂಪು ಕೂದಲು... ನಿನ್ನ ಬೆಕ್ಕು ಬಿಳೀದಾ? ಪೂರ್ತಿ? ಹೊಟ್ಟೆ ಕೆಳಗೂ? ಹಾಗಿದ್ರೆ... ಏ, ನನ್ನ ಕೆಂಪು ಶಾಲು ಯಾಕೆ ಹಾಗೆ ನೋಡ್ತೀಯಾ!

ನೋಡು, ನಾನು ಬಂದಿದ್ದು ನಿನ್ನ ಒಳ್ಳೇದಕ್ಕೆ. ವಠಾರದ ಮಾಲೀಕರ ಹೆಂಡತಿಗೆ ಯಾರೋ ಹೇಳಿಬಿಟ್ಟಿದಾರೆ... ಸರಿ, ನಾನೇ ಹೇಳಿದೆ... ಸಂಜೆಯೊಳಗೆ ಬೆಕ್ಕನ್ನ ಚೀಲಕ್ಕೆ ಹಾಕಿ ಊರಾಚೆ ಬಿಡಿಸ್ತಾರಂತೆ. ಅದಕ್ಕೆ ಮೊದಲೇ ನೀನು ಹೋಗಿ, ತಪ್ಪಾಯ್ತಣ್ಣ, ನನ್ನ ಬೆಕ್ಕೇ ಮುಟ್ಟಿದ್ದು ಅಂದುಬಿಡು. ಅವನು ಮೆತ್ತಗಿನ ಮನುಷ್ಯ, ಮಾಲೀಕರಿಗೆ ಹೇಳಿ ಬಿಡಿಸಿಕೊಡ್ತಾನೆ. ಬೆಕ್ಕೂ ಉಳಿಯುತ್ತೆ, ಮಾತೂ ಮುಗಿಯುತ್ತೆ.

ಹೂಂ ಅನ್ನೇ. ಮತ್ತೆ ಬೆರಳಾ? ಎಷ್ಟು ಸಲ ಹೇಳಲಿ, ಚಾಕು ತಗುಲಿ ಕೊಯ್ದುಕೊಂಡೆ! ಹಾಲು ಅಂದಿದ್ನಾ? ಹಾಂ... ಹಾಲಿನ ಪ್ಯಾಕೆಟ್ ಕೊಯ್ಯೋವಾಗ! ಬಿಚ್ಚೋದೆಲ್ಲ ಬೇಡ. ಗಾಯ ಹಸಿ ಇದೆ. ಬಿಡು ಅಂದ್ರೆ!

ಯಾಕೆ ನನ್ನ ಮುಖಾನೇ ನೋಡ್ತೀಯಾ? ನಗ್ತಿದ್ದವಳು ನಗೋದೂ ನಿಲ್ಲಿಸಿದೆ. ಎಲ್ಲಿಗೆ ಎದ್ದೆ? ಆ ಕನ್ನಡಿ ಯಾಕೆ? ಗಿರಾಕಿಗಳಿಗೆ ಇಟ್ಟಿದ್ದು ಅದು, ನಾನೇನು ಬಟ್ಟೆ ಹೊಲಿಸಿಕೊಳ್ಳೋಕೆ ಬಂದಿದೀನಾ? ಸರಿ, ತಾ. ಹತ್ತಿರ ತಾ. ಇನ್ನೂ ಹತ್ತಿರ...

ಅಯ್ಯಯ್ಯೋ!

ನನ್ನ ಮೂಗು! ತುದಿಯೆಲ್ಲ ಬೆಳ್ಳಿ! ಎಷ್ಟು ನುಣ್ಣಗೆ ಕೂತಿದೆ, ಒಂದು ಕಣ ಧೂಳಿಲ್ಲ... ನಿನ್ನೆಯಿಂದ ಹೀಗೇ ಇತ್ತಾ? ಮಾಲೀಕರ ಹೆಂಡತಿ ಮುಂದೂ? ಅದಕ್ಕೇ ಅವಳು ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದ್ದು! ಮತ್ತೆ... ಮತ್ತೆ ಬೆಳಿಗ್ಗೆ ಅವನು! ನಾನು ಬೆಕ್ಕು, ಬೆಕ್ಕು ಅಂತಿದ್ರೆ, ಕಣ್ಣಲ್ಲಿ ನೀರು ತುಂಬಿಕೊಂಡೂ ನನ್ನ ಮುಖವನ್ನೇ ನೋಡ್ತಾ ನಿಂತಿದ್ದ. ಆಮೇಲೆ ಒಂದು ಮಾತಂದ. ತಲೆಬುಡ ತಿಳೀದೆ, ಆಗಲಪ್ಪ, ಹಾಗೇ ಮಾಡ್ತೀನಿ ಅಂದು ಬಂದುಬಿಟ್ಟೆ ಕಣೇ...

"ದೊಡ್ಡಮ್ಮಾ," ಅಂದ, "ಬೆರಳಿಗೆ ಸುತ್ತಿದ ಬಟ್ಟೇನ ಮೂಗಿಗೂ ಒಂದು ಸುತ್ತು ಸುತ್ತಿಕೊಳ್ಳಿ."