ಒಂದೇ ತೊಟ್ಟಿಯ ಮರಿಗಳು

ಬೇಲೂರಿನ ಬಸ್ ನಿಲ್ದಾಣದಲ್ಲಿ ಗುರುಸಿದ್ದಮ್ಮ ಅರಸೀಕೆರೆ ಬಸ್ಸಿಗೆ ಕಾದು ಕೂತಿದ್ದಳು. ಬೆನ್ನ ಹಿಂದಿನ ಕಲ್ಲುಬೆಂಚಿನಲ್ಲಿ ಗೆಂಡೆಹಳ್ಳಿಯ ತಿಮ್ಮೇಶನೂ ಅವನ ಅಕ್ಕನ ಗಂಡ ದೇವೇಂದ್ರನೂ ಮಾತಾಡುತ್ತಿದ್ದರು. ಇಬ್ಬರಿಗೂ ಮಂಗಳೂರು ಕಡೆ ಕಡಲ ಮೀನು ಸಾಕುವಲ್ಲಿ ಕೆಲಸ. ದೇವೇಂದ್ರ ಅಲ್ಲಿ ಮೇಸ್ತ್ರಿ.

"ಮರಿ ರೋಗ ಬಂದು ಸತ್ವು ಅಂತ ಸಾಹೇಬ್ರಿಗೆ ಹೇಳು."

"ರೋಗ ಎಲ್ಲಿತ್ತು ಭಾವ? ಹತ್ತು ಸಾವಿರ ಹಿಡಿಯೋ ತೊಟ್ಟಿಗೆ ಮೂವತ್ತು ಸಾವಿರ ಬಿಡಿಸಿದ್ರಿ."

"ಮೆಲ್ಲಗೆ ಮಾತಾಡ್ಲಾ."

"ದಪ್ಪನವು ಸಣ್ಣವನ್ನ ನುಂಗ್ತಿದ್ವು. ಉಳಿದವು ಉಸಿರು ಸಾಲದೆ ಬಾಯಿ ತೆರ್ಕೊಂಡು ಮೇಲೆ ಬಂದ್ವು. ಬುಟ್ಟಿಗಟ್ಟಲೆ ಬಾಚಿದೋನು ನಾನು."

"ನಿಜ ಹೇಳಿದ್ರೆ ನನ್ನ ಕೆಲಸ ಹೋಯ್ತದೆ. ನಿಮ್ಮಕ್ಕ ತುಂಬು ಬಸುರಿ ಕಣೋ."

ತಿಮ್ಮೇಶ ತನ್ನ ಚೀಲವನ್ನು ಕಾಲ ಬಳಿಗೆ ಎಳೆದುಕೊಂಡ.

"ಆಗ್ಲಿ. ರೋಗ ಅಂತಲೇ ಹೇಳ್ತೀನಿ."

ಗುರುಸಿದ್ದಮ್ಮ ತಿರುಗಿ ನೋಡಲಿಲ್ಲ. ಮಂಗಳೂರು ಬಸ್ಸು ಬಂತು. ಇಬ್ಬರೂ ಚೀಲ ಎತ್ತಿಕೊಂಡು ಅವಳ ಮುಂದೆಯೇ ಹಾದುಹೋದರು.

"ಸೋಮವಾರ ಹೊಸ ಮರಿ ಬತ್ತವೆ ಭಾವ. ಈ ಸಲ ಕಮ್ಮಿ ಬಿಡಾನ?"

ದೇವೇಂದ್ರ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತ.

"ಅಷ್ಟೇ ಬಿಡು. ಕಮ್ಮಿ ಬಿಟ್ರೆ, ಸತ್ತಿದ್ದು ರೋಗಕ್ಕಲ್ಲ ಅಂತ ಗೊತ್ತಾಯ್ತದೆ."

ತಿಮ್ಮೇಶ ಅವನ ಹಿಂದೆ ಬಸ್ಸು ಹತ್ತಿದ.