ವಿನುತಾ ಹಿಡಿದ ಸೀಟು

೧೯೯೪ರ ಥ್ಯಾಂಕ್ಸ್‌ಗಿವಿಂಗ್ ರಜೆ. ಅಮೆರಿಕದ ಯೂನಿವರ್ಸಿಟಿಯೊಂದರೆದುರು, ಕ್ಯಾರಿ ಊರಿಗೆ ಹೋಗುವ ಬಸ್ಸಿನ ಸಾಲಿನಲ್ಲಿ ಕೋಟಿನ ಟೋಪಿ ಹೊದ್ದು ನಿಂತಿದ್ದ ಗುಲಾಬಿಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಇಬ್ಬರು ಹುಡುಗಿಯರು, ಒಬ್ಬಳ ಅಂಗಿಯ ಮೇಲೆ ಅವಳ ಸೊರಾರಿಟಿಯ, ಅಂದರೆ ಆರಿಸಿದವರನ್ನಷ್ಟೇ ಸೇರಿಸಿಕೊಳ್ಳುವ ವಿದ್ಯಾರ್ಥಿನಿಯರ ಕೂಟದ, ಗ್ರೀಕ್ ಅಕ್ಷರಗಳು. ಸುತ್ತ ಯಾರಿಗೂ ಅರ್ಥವಾಗದೆಂಬ ಧೈರ್ಯ ಅವರಿಗೆ.

“ಶ್ರದ್ಧಾ, ವಿನುತಾನ ನಿಮ್ಮ ಸೊರಾರಿಟಿಗೆ ಯಾಕೆ ತಗೊಳ್ಳಲಿಲ್ಲ? ಎಲ್ಲರಿಗೂ ಇಷ್ಟ ಆಗಿದ್ಲಲ್ಲ?”

“ಆಗಿದ್ಲು. ಬೇಡ ಅಂದಿದ್ದು ನಾನು.”

“ನೀನಾ?”

“ಅವಳು ಫಿಟ್ ಆಗಲ್ಲ ಅಂದೆ. ನೀನೂ ಇಂಡಿಯನ್ ತಾನೇ, ನಿನಗೇ ಗೊತ್ತಿರತ್ತೆ ಅಂತ ಎಲ್ಲರೂ ಒಪ್ಪಿಬಿಟ್ರು.”

“ಯಾಕೆ ಹಾಗ್ ಮಾಡ್ದೆ?”

“ಅವಳಮ್ಮ ನಮ್ಮಮ್ಮ ಒಟ್ಟಿಗೆ ಭಜನೆಗೆ ಹೋಗ್ತಾರೆ. ಪಾರ್ಟಿ, ಬಿಯರ್, ಬಾಯ್‌ಫ್ರೆಂಡ್, ಎಲ್ಲಾ ಮನೆ ಮುಟ್ಟತ್ತೆ ಅಂತ ಹೆದರಿದೆ.”

“ಅವಳಿಗೆ ಗೊತ್ತಾ?”

“ವೈಟ್ ಹುಡುಗೀರು ಬೇಡ ಅಂದ್ರು ಅಂದ್ಕೊಂಡಿದಾಳೆ. ನಾನೂ ಹೌದು ಅಂದೆ. ನೀನೊಬ್ಬಳೇ ನನ್ನ ಪರ ಇದ್ದಿದ್ದು ಅಂತ ತಬ್ಕೊಂಡು ಅತ್ಲು.”

ಸಾಲು ಸರಿಯಿತು.

“ಹತ್ತು ಶ್ರದ್ಧಾ. ವಿನುತಾ ಆಗಲೇ ಒಳಗೆ ಕೂತು ಕಾಯ್ತಿದಾಳೆ.”

ಶ್ರದ್ಧಾ ಹತ್ತಲಿಲ್ಲ. ಪಕ್ಕಕ್ಕೆ ಸರಿದು, “ನೀವು ಹೋಗಿ” ಎಂದು ಹಿಂದಿದ್ದವರನ್ನೆಲ್ಲ ಇಂಗ್ಲಿಷಿನಲ್ಲಿ ಮುಂದೆ ಕಳಿಸುತ್ತಿದ್ದಳು.

ಬಸ್ಸಿನೊಳಗೆ ಖಾಲಿ ಕಂಡ ಸೀಟಿನ ಬಳಿ ಗುಲಾಬಿ ನಿಂತಳು. ಕಿಟಕಿಯ ಪಕ್ಕದ ಹುಡುಗಿ ನಗುತ್ತಾ ಆ ಸೀಟಿನಲ್ಲಿಟ್ಟಿದ್ದ ತನ್ನ ಬ್ಯಾಗಿನ ಮೇಲೆ ಕೈಯಿಟ್ಟಳು.

“ಸಾರಿ ಆಂಟಿ, ಇದು ಶ್ರದ್ಧಾಗೆ.”